ಟೈಲ್ಸ್ ಕೆಳಗೆ ಕರೆಂಟ್: ನಮ್ಮ ಬಾತ್‌ರೂಮಿನ ಫ್ಲೋರ್ ಹೀಟಿಂಗ್ ಬಗ್ಗೆ

ಬಾತ್‌ರೂಮ್ ನೆಲಕ್ಕೆ ಎಲೆಕ್ಟ್ರಿಕ್ ಹೀಟಿಂಗ್ ಹಾಕಿಸಿ ಒಂದು ಚಳಿಗಾಲ ಪೂರ್ತಿ ಬಳಸಿದ್ದಾಯಿತು. ಮನೆಗೆ ಬಂದ ಸ್ನೇಹಿತರೆಲ್ಲ ಬರಿಗಾಲಲ್ಲಿ ಅದರ ಮೇಲೆ ನಿಂತು ಕೇಳುವುದು ಒಂದೇ: ಎಷ್ಟಾಯಿತು, ಬಿಲ್ ಜಾಸ್ತಿ ಬರುತ್ತಾ, ಶಾಕ್ ಗೀಕ್ ಹೊಡೆಯಲ್ವಾ? ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಸಾಮಾನಿನ ಬಗ್ಗೆ ಅಷ್ಟೇ ಅಲ್ಲ, ಹಾಕಿದವರ ಕೆಲಸದ ಬಗ್ಗೆಯೂ ಹೇಳಬೇಕು. ಯಾಕೆಂದರೆ ಇದರಲ್ಲಿ ಕೇಬಲ್ ಎಷ್ಟು ಮುಖ್ಯವೋ ಅದನ್ನು ಅಳೆದು ನೋಡುವ ಕೈ ಅದಕ್ಕಿಂತ ಮುಖ್ಯ.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. 1930ರ ದಶಕದ ಮನೆ, ಬಾತ್‌ರೂಮ್ ಮೇಲಿನ ಮಹಡಿಯಲ್ಲಿ, ಕೆಳಗೆ ಮರದ ತೊಲೆ, ಅದರ ಮೇಲೆ ಹಲಗೆ. ಜನವರಿಯಲ್ಲಿ ಬೆಳಿಗ್ಗೆ ಆ ಟೈಲ್ಸ್ ಮೇಲೆ ಕಾಲಿಟ್ಟರೆ ಹಿಮ್ಮಡಿಯಿಂದ ಮಂಡಿವರೆಗೂ ಚಳಿ ಏರುತ್ತಿತ್ತು. ಅಪ್ಪ ಅಮ್ಮ ತಿಪಟೂರಿನಿಂದ ಬಂದು ಚಳಿಗಾಲದಲ್ಲಿ ನಮ್ಮ ಜೊತೆ ಇರುವವರಿದ್ದರು. ಅಮ್ಮನಿಗೆ ಮಂಡಿ ನೋವು. ಹೇಗೂ ಹಳೇ ಟೈಲ್ಸ್ ಕಿತ್ತು ಹೊಸದು ಹಾಕಿಸುವುದಿತ್ತು, ಆಗಲೇ ಹೀಟಿಂಗೂ ಆಗಲಿ ಅಂದುಕೊಂಡೆವು. ಟೈಲ್ಸ್ ಕೀಳದೆ ಇದನ್ನು ಹಾಕಲು ಆಗುವುದಿಲ್ಲ. ಆದ್ದರಿಂದ ಬಾತ್‌ರೂಮ್ ಹೊಸದು ಮಾಡಿಸುವವರು ಮೊದಲ ದಿನವೇ ಇದನ್ನು ತೀರ್ಮಾನ ಮಾಡಿಕೊಳ್ಳಬೇಕು.

ಅಪ್ಪ ಕೆಇಬಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಫೋನಿನಲ್ಲಿ ವಿಷಯ ಹೇಳಿದ ಕೂಡಲೇ ಅವರ ಮೊದಲ ಪ್ರಶ್ನೆ ಬಂತು. "ಬಚ್ಚಲಲ್ಲಿ, ನೆಲದೊಳಗೆ, ಕರೆಂಟು. ಮೆಗ್ಗರ್ ಹಾಕಿ ನೋಡ್ತಾರೇನಮ್ಮ?" ಮೆಗ್ಗರ್ ಅಂದರೆ ವೈರಿನ ಇನ್ಸುಲೇಶನ್ ಗಟ್ಟಿಯಾಗಿದೆಯಾ ಅಂತ ಹೆಚ್ಚಿನ ವೋಲ್ಟೇಜ್ ಕೊಟ್ಟು ನೋಡುವ ಮೀಟರ್. ನನಗೆ ಆ ಪ್ರಶ್ನೆಯೇ ದಾರಿ ತೋರಿಸಿತು. ಕೊಟೇಶನ್ ಕೊಡಲು ಬಂದವರಿಗೆಲ್ಲ ಅದನ್ನೇ ಕೇಳಿದೆ.

ಮೊದಲು ಬಂದ ಬಾತ್‌ರೂಮ್ ಕಂಪನಿಯವನು ಅದೆಲ್ಲ ಬೇಡ ಅಂದುಬಿಟ್ಟ. ಟೈಲ್ಸ್ ಹಾಕುವವನೇ ಕೇಬಲ್ ಹಾಸುತ್ತಾನೆ, ಪಕ್ಕದ ರೂಮಿನ ಸಾಕೆಟ್ಟಿಂದ ಒಂದು ವೈರ್ ಎಳೆದರೆ ಆಯಿತು, ಸರ್ಟಿಫಿಕೇಟ್ ಏನೂ ಬೇಕಾಗಿಲ್ಲ ಅಂತ. ರೇಟು ಚೆನ್ನಾಗಿಯೇ ಇತ್ತು. ಆದರೆ ಅವನು ಹೇಳಿದ್ದು ತಪ್ಪು. ಇಂಗ್ಲೆಂಡಿನಲ್ಲಿ 2005ರಿಂದ ಕಟ್ಟಡ ನಿಯಮಗಳಲ್ಲಿ ಪಾರ್ಟ್ ಪಿ ಅಂತ ಒಂದು ಭಾಗ ಇದೆ, ಮನೆಯೊಳಗಿನ ವೈರಿಂಗ್‌ಗೆ ಸೇರಿದ್ದು. ಹೊಸ ಸರ್ಕ್ಯೂಟ್ ಎಳೆದರೆ, ಅಥವಾ ಸ್ನಾನದ ತೊಟ್ಟಿ, ಶವರ್ ಹತ್ತಿರದ ಜಾಗದಲ್ಲಿ ವೈರಿಂಗ್ ಬದಲಾಯಿಸಿದರೆ ಕೌನ್ಸಿಲ್‌ನ, ಅಂದರೆ ಇಲ್ಲಿನ ನಗರಸಭೆಯ, ಕಟ್ಟಡ ವಿಭಾಗಕ್ಕೆ ತಿಳಿಸಲೇಬೇಕು. ಎನ್‌ಐಸಿಇಐಸಿ ಅಥವಾ ನ್ಯಾಪಿಟ್‌ನಂಥ ಸಂಸ್ಥೆಯಲ್ಲಿ ನೋಂದಾಯಿಸಿದ ಎಲೆಕ್ಟ್ರಿಷಿಯನ್ ಆದರೆ ತಾನೇ ಸರ್ಟಿಫೈ ಮಾಡಿ ತಿಳಿಸುತ್ತಾನೆ. ನಾಳೆ ಮನೆ ಮಾರುವಾಗ ವಕೀಲರು ಈ ಕಾಗದ ಕೇಳುತ್ತಾರೆ. ಕಾಗದ ಒಂದು ಕಡೆ ಇರಲಿ. ಅಳತೆ ಮಾಡದೆ ಟೈಲ್ಸ್ ಮುಚ್ಚುತ್ತೇನೆ ಅನ್ನುವವನನ್ನು ಬಾತ್‌ರೂಮಿಗೆ ಬಿಟ್ಟುಕೊಳ್ಳುವುದು ಹೇಗೆ?

ಕೊನೆಗೆ ನಾವು ಒಪ್ಪಿಕೊಂಡವರು ಇಬ್ಬರು. ಒಬ್ಬ ನೋಂದಾಯಿತ ಎಲೆಕ್ಟ್ರಿಷಿಯನ್, ಇನ್ನೊಬ್ಬ ಟೈಲ್ಸ್ ಹಾಕುವವನು. ಇಬ್ಬರೂ ಹಿಂದೆ ಜೊತೆಯಲ್ಲಿ ಕೆಲಸ ಮಾಡಿದವರು. ಇದು ದೊಡ್ಡ ಅನುಕೂಲ. ಕೇಬಲ್ ಕೆಟ್ಟರೆ 'ಅವನು ಮಾಡಿದ್ದು, ಇವನು ಮಾಡಿದ್ದು' ಅನ್ನುವ ಜಗಳಕ್ಕೆ ಜಾಗ ಇರುವುದಿಲ್ಲ.

ಸಾಮಾನು ಜರ್ಮನಿಯ ಶ್ಲೂಟರ್ ಕಂಪನಿಯ ಡಿಟ್ರಾ-ಹೀಟ್. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಾಸು, ಮೇಲೆಲ್ಲ ಬಟನ್ನಿನಂತೆ ಉಬ್ಬಿದ ಗುಂಡಿಗಳು, ಗುಂಡಿಗಳ ನಡುವೆ ಕೇಬಲ್ ಒತ್ತಿ ಕೂರಿಸಬೇಕು. ಅಂಗಡಿಯಲ್ಲಿ ಇದಕ್ಕಿಂತ ಅಗ್ಗದ ಜಾಲರಿ ಮ್ಯಾಟ್‌ಗಳೂ ಸಿಗುತ್ತವೆ. ಜಾಲರಿಗೆ ಕೇಬಲ್ ಮೊದಲೇ ಅಂಟಿರುತ್ತದೆ, ಚಾಪೆ ಬಿಚ್ಚಿದ ಹಾಗೆ ಹಾಸಬಹುದು. ನಾನು ಹಾಸೇ ಬೇಕು ಅಂದದ್ದು ಎರಡು ಕಾರಣಕ್ಕೆ. ಮೊದಲನೆಯದು, ನಮ್ಮದು ಮರದ ನೆಲ. ಹವೆ ಬದಲಾದಂತೆ ಮರ ಹಿಗ್ಗಿ ಕುಗ್ಗುತ್ತದೆ, ಮೇಲಿನ ಟೈಲ್ಸ್ ಅದರ ಜೊತೆ ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಈ ಹಾಸು ನಡುವೆ ಕೂತು ಆ ಎಳೆತವನ್ನು ತಾನು ತಡೆದುಕೊಳ್ಳುತ್ತದೆ. ಎರಡನೆಯದು ಕೇಬಲ್ ಸುರಕ್ಷತೆ. ಟೈಲ್ಸ್ ಅಂಟು ಹರಡುವ ಹಲ್ಲಿನ ಕರಣೆಯೇ ಕೇಬಲ್‌ಗೆ ದೊಡ್ಡ ಶತ್ರು. ಬರೀ ಜಾಲರಿಯಲ್ಲಿ ಕೇಬಲ್ ಅಲ್ಲಲ್ಲಿ ಮೇಲೆದ್ದು ಕರಣೆಗೆ ಸಿಕ್ಕುವ ಭಯ ಇರುತ್ತದೆ. ಈ ಹಾಸಿನಲ್ಲಿ ಅದು ಗುಂಡಿಗಳ ತಲೆಗಿಂತ ಕೆಳಗೆ ಸಿಕ್ಕಿಕೊಂಡಿರುತ್ತದೆ. ಮೇಲೆ ಓಡಾಡಿದರೂ ಭಾರವನ್ನು ಗುಂಡಿಗಳೇ ಹೊರುತ್ತವೆ.

ಗುಂಡಿಗಳು ಮೂರು ಸೆಂಟಿಮೀಟರಿಗೊಂದು ಇವೆ. ನೆಲಕ್ಕಾದರೆ ಪ್ರತಿ ಮೂರನೇ ಗುಂಡಿಗೆ ಕೇಬಲ್ ಎಳೆಯಬೇಕು, ಅಂದರೆ ಸಾಲಿನಿಂದ ಸಾಲಿಗೆ ಒಂಬತ್ತು ಸೆಂಟಿಮೀಟರ್. ಹಾಗೆ ಎಳೆದರೆ ಚದರ ಮೀಟರಿಗೆ 136 ವ್ಯಾಟ್ ಬರುತ್ತದೆ. ಎಲ್ಲೂ ಕೇಬಲ್ ಮೇಲೆ ಕೇಬಲ್ ಹಾಯಬಾರದು, ಎರಡು ಸಾಲು ಒಂದಕ್ಕೊಂದು ತಾಗಬಾರದು. ತಾಗಿದ ಕಡೆ ಬಿಸಿ ಎರಡು ಪಟ್ಟು ಸೇರಿ ಇನ್ಸುಲೇಶನ್ ಸುಟ್ಟು ಹೋಗುತ್ತದೆ.

ಅಳತೆ ಮಾಡುವಾಗ ಗಮನಿಸಬೇಕಾದ್ದು ಇಲ್ಲಿದೆ. ಬಾತ್‌ರೂಮಿನ ಪೂರ್ತಿ ನೆಲಕ್ಕೆ ಕೇಬಲ್ ತರಬಾರದು. ತೊಟ್ಟಿಯ ಕೆಳಗೆ, ಕಮೋಡಿನ ಕೆಳಗೆ, ನೆಲಕ್ಕೆ ಕೂತ ಬೀರುವಿನ ಕೆಳಗೆ ಕೇಬಲ್ ಹೋಗುವ ಹಾಗಿಲ್ಲ. ಅಲ್ಲಿ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ಕೂಡಿಕೊಳ್ಳುತ್ತದೆ. ಕಮೋಡ್ ಕೂರಿಸಲು ಸ್ಕ್ರೂ ಹೊಡೆಯುವವನ ಡ್ರಿಲ್ಲಿಗೆ ಕೇಬಲ್ ಸಿಕ್ಕುವ ಅಪಾಯ ಬೇರೆ. ಗೋಡೆಯಿಂದಲೂ ಐದು ಸೆಂಟಿಮೀಟರ್ ಬಿಡಬೇಕು, ಬಿಸಿನೀರಿನ ಪೈಪಿನಿಂದ ದೂರ ಇರಬೇಕು. ಇದೆಲ್ಲ ಕಳೆದು ನಮಗೆ ಉಳಿದದ್ದು ಸುಮಾರು 2.7 ಚದರ ಮೀಟರ್. ಅದಕ್ಕೆ 375 ವ್ಯಾಟಿನ, ಹತ್ತಿರ ಹತ್ತಿರ 30 ಮೀಟರ್ ಉದ್ದದ ಕೇಬಲ್. ಈ ಕೇಬಲನ್ನು ಉದ್ದ ಜಾಸ್ತಿಯಾಯಿತು ಅಂತ ಕತ್ತರಿಸುವ ಹಾಗೆ ಇಲ್ಲವೇ ಇಲ್ಲ. ಕತ್ತರಿಸಿದರೆ ರೆಸಿಸ್ಟೆನ್ಸ್ ಕಡಿಮೆಯಾಗಿ ಕರೆಂಟ್ ಜಾಸ್ತಿ ಹರಿಯುತ್ತದೆ, ಉಳಿದ ಕೇಬಲ್ ಮಿತಿ ಮೀರಿ ಕಾಯುತ್ತದೆ. ಅನುಮಾನ ಇದ್ದರೆ ಒಂದು ಅಳತೆ ಚಿಕ್ಕದನ್ನೇ ತನ್ನಿ.

ಇನ್ನು ಆ ಎಲೆಕ್ಟ್ರಿಷಿಯನ್ ಕೆಲಸ. ಕೇಬಲ್ ಡಬ್ಬ ಒಡೆದ ಕೂಡಲೇ ಅವನು ಮಾಡಿದ್ದು ಹಾಸುವ ಕೆಲಸವಲ್ಲ. ಕೇಬಲ್ ಉರುಳೆಯನ್ನು ಮೇಜಿನ ಮೇಲಿಟ್ಟು, ತಣ್ಣನೆಯ ಬಾಲ ಅನ್ನುತ್ತಾರಲ್ಲ, ಬಿಸಿಯಾಗದ ಆ ತುದಿಯ ಮೂರು ವೈರ್‌ಗಳನ್ನು ಬಿಡಿಸಿದ. ಎರಡು ಕರೆಂಟಿನವು, ಒಂದು ಅರ್ಥ್. ಅರ್ಥ್ ಅಂದರೆ ಕೇಬಲ್ ಸುತ್ತ ಹೆಣೆದಿರುವ ಲೋಹದ ಬಲೆ. ಮೊದಲ ಎರಡರ ನಡುವೆ ಮೀಟರ್ ಇಟ್ಟ. 140.6 ಓಮ್ ತೋರಿಸಿತು. ನಾನು ಪಕ್ಕದಲ್ಲೇ ನಿಂತು ಫೋನಿನಲ್ಲಿ ಲೆಕ್ಕ ಹಾಕಿದೆ. 230 ವೋಲ್ಟನ್ನು 230ರಿಂದ ಗುಣಿಸಿ 375ರಿಂದ ಭಾಗಿಸಿದರೆ 141. ಸರಿಯಾಗಿದೆ. ಲೇಬಲ್ಲಿನ ಅಂಕಿಗಿಂತ ಶೇಕಡ 5 ಕಡಿಮೆಯಿಂದ ಶೇಕಡ 10 ಜಾಸ್ತಿಯವರೆಗೆ ಇದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಆಮೇಲೆ ಅವನು ಆ ಎರಡು ವೈರ್‌ಗಳನ್ನು ಒಟ್ಟಿಗೆ ಸೇರಿಸಿ, ಅವಕ್ಕೂ ಅರ್ಥ್ ಬಲೆಗೂ ನಡುವೆ 500 ವೋಲ್ಟ್ ಡಿಸಿ ಕೊಟ್ಟ. ಅಪ್ಪ ಕೇಳಿದ ಮೆಗ್ಗರ್ ಪರೀಕ್ಷೆ ಇದೇ. ಮೀಟರ್ 999 ಮೆಗಾ ಓಮ್‌ಗಿಂತ ಜಾಸ್ತಿ ಅಂತ ತೋರಿಸಿ ನಿಂತಿತು. ಎರಡೂ ಅಂಕಿಗಳನ್ನು ಡಬ್ಬದಲ್ಲಿದ್ದ ಕಾರ್ಡಿನಲ್ಲಿ ಬರೆದು ಸಹಿ ಹಾಕಿದ.

ಕೇಬಲ್ ಹಾಸಿದ ಮೇಲೆ ಮತ್ತೆ ಅದೇ ಎರಡು ಅಳತೆ, ಅದೇ ಕಾರ್ಡು. ಟೈಲ್ಸ್ ಹಾಕಿದ ಮೇಲೆ ಮೂರನೇ ಸಲ. ಒಂದು ಸಲ ನೋಡಿದರೆ ಸಾಲದಾ ಅಂತ ನನಗೂ ಅನ್ನಿಸಿತ್ತು. ಅವನು ಕೊಟ್ಟ ಕಾರಣ ಕೇಳಿ. ಕೇಬಲ್ ಹೊರಕವಚ ದಾಟಿ ಒಳಗಿನ ಇನ್ಸುಲೇಶನ್‌ವರೆಗೆ ಸಣ್ಣ ಗೀರು ಬಿದ್ದಿದ್ದರೆ ಒಣಗಿರುವಾಗ ಮೀಟರ್ ಅದನ್ನು ಹಿಡಿಯದೇ ಇರಬಹುದು, ಯಾಕೆಂದರೆ ಗಾಳಿಯೂ ಒಳ್ಳೆಯ ಇನ್ಸುಲೇಶನ್ನೇ. ಒದ್ದೆ ಅಂಟು ಆ ಗೀರಿನೊಳಗೆ ಇಳಿದಾಗ ಅಂಕಿ ದಡಕ್ಕನೆ ಬೀಳುತ್ತದೆ. ಅದಕ್ಕೇ ಟೈಲ್ಸ್ ಹಾಕುತ್ತಿರುವಾಗಲೂ ಅವನು ಕೇಬಲ್ ತುದಿಯನ್ನು ಮೀಟರಿಗೆ ಸಿಕ್ಕಿಸಿಯೇ ಇಟ್ಟಿದ್ದ. ಟೈಲ್ಸ್‌ನವನು ಒಂದೊಂದು ಸಾಲು ಮುಗಿಸಿದಾಗಲೂ ತಲೆಯೆತ್ತಿ ಅಂಕಿ ನೋಡುತ್ತಿದ್ದ. ಅಂಟು ಹಸಿಯಾಗಿರುವಾಗ ಗೊತ್ತಾದರೆ ಒಂದೆರಡು ಟೈಲ್ಸ್ ಎತ್ತಿ ಸರಿ ಮಾಡಬಹುದು. ಒಣಗಿದ ಮೇಲೆ ಗೊತ್ತಾದರೆ ಥರ್ಮಲ್ ಕ್ಯಾಮೆರಾ ತಂದು ಜಾಗ ಹುಡುಕಿ, ನೆಲ ಒಡೆಯಬೇಕು. ಈ ಒಂದು ಕೆಲಸಕ್ಕೆ ನಾನು ಅವರಿಬ್ಬರಿಗೂ ಪೂರ್ತಿ ಅಂಕ ಕೊಡುತ್ತೇನೆ.

ಇನ್ನೊಂದು ಸಣ್ಣ ವಿಷಯ ನೋಡಿ ಖುಷಿಯಾಯಿತು. ಬಿಸಿಯಾಗುವ ಕೇಬಲ್ಲೂ ಬಿಸಿಯಾಗದ ಬಾಲವೂ ಸೇರುವ ಜಾಗದಲ್ಲಿ ಒಂದು ದಪ್ಪ ಗಂಟು ಇರುತ್ತದೆ. ಎಷ್ಟೋ ಜನ ಅದು ಅಲ್ಲಾಡದಿರಲಿ ಅಂತ ಮೇಲೆ ಟೇಪ್ ಸುತ್ತುತ್ತಾರಂತೆ. ಟೇಪಿನ ಕೆಳಗೆ ಗಾಳಿ ಉಳಿದರೆ ಆ ಜಾಗ ಜಾಸ್ತಿ ಕಾಯುತ್ತದೆ. ಇವನು ಗಂಟಿನ ಅಳತೆಗೆ ಹಾಸಿನ ಗುಂಡಿಗಳನ್ನು ಕತ್ತರಿಸಿ, ಅದನ್ನು ಅಲ್ಲಿ ಮಲಗಿಸಿ, ಸುತ್ತ ಅಂಟನ್ನು ಒತ್ತಿ ತುಂಬಿಸಿದ. ತುದಿಯ ಗಂಟಿಗೂ ಹಾಗೇ. ಗಂಟನ್ನು ಗೋಡೆಯೊಳಗೆ ಎಳೆದುಕೊಂಡು ಹೋಗಲೂ ಬಾರದು, ಅದು ನೆಲದ ಅಂಟಿನಲ್ಲೇ ಇರಬೇಕು.

ನೆಲದ ಬಿಸಿ ಅಳೆಯುವ ಸೆನ್ಸರ್ ಎರಡು ಕೇಬಲ್ ಸಾಲುಗಳ ಸರಿ ಮಧ್ಯೆ ಕೂರಬೇಕು. ಒಂದು ಸಾಲಿಗೆ ಹತ್ತಿರವಾದರೆ ನೆಲ ಬಿಸಿಯಾಗುವ ಮೊದಲೇ ಆಯಿತು ಅಂತ ಆಫ್ ಮಾಡಿಬಿಡುತ್ತದೆ. ಇವನು ಪಕ್ಕದಲ್ಲೇ ಇನ್ನೊಂದು ಸೆನ್ಸರ್ ಹೂತು, ಅದರ ವೈರನ್ನು ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ಆನ್ ಆಫ್ ಮಾಡುವ ಸ್ವಿಚ್) ಪೆಟ್ಟಿಗೆಯಲ್ಲಿ ಸುಮ್ನೆ ಸುತ್ತಿಟ್ಟಿದ್ದಾನೆ. ಮುಂದೆ ಒಂದು ಕೆಟ್ಟರೆ ನೆಲ ಅಗೆಯದೆ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಬಹುದು. ನಿಮ್ಮ ಮನೆಯಲ್ಲೂ ಇದನ್ನು ಕೇಳಿ ಮಾಡಿಸಿಕೊಳ್ಳಿ.

ಶಾಕ್ ಪ್ರಶ್ನೆಗೆ ಬರುತ್ತೇನೆ. ಇಲ್ಲಿನ ಬಾತ್‌ರೂಮುಗಳಲ್ಲಿ ಸಾಮಾನ್ಯವಾಗಿ ನೆಲದಿಂದ ನೀರು ಹೋಗಲು ದಾರಿ ಇರುವುದಿಲ್ಲ, ನಮ್ಮವರಿಗೆ ಬಕೆಟ್ಟು ಚೊಂಬು ಇಲ್ಲದೆ ಸ್ನಾನ ಆಗುವುದಿಲ್ಲ. ನೆಲ ಒದ್ದೆಯಾಗುವುದೇ. ಟೈಲ್ಸ್ ಕೆಳಗಿನ ಹಾಸಿನ ಜೋಡಣೆಗಳಿಗೆಲ್ಲ ನೀರು ಇಳಿಯದ ಪಟ್ಟಿ ಅಂಟಿಸಿದ್ದಾರೆ, ಅದು ಒಂದು ಕಾವಲು. ಅದಕ್ಕಿಂತ ದೊಡ್ಡದು ಕೇಬಲ್ ಸುತ್ತಲಿನ ಅರ್ಥ್ ಬಲೆ. ಒಳಗಿನ ಇನ್ಸುಲೇಶನ್ ಎಲ್ಲಾದರೂ ಹಾಳಾದರೆ ಕರೆಂಟ್ ಮೊದಲು ಆ ಬಲೆಗೆ ಸೋರುತ್ತದೆ. ಸೋರಿದ್ದನ್ನು ಬೋರ್ಡಿನಲ್ಲಿರುವ ಆರ್‌ಸಿಡಿ ಹಿಡಿಯುತ್ತದೆ. ನಮ್ಮೂರಲ್ಲಿ ಇಎಲ್‌ಸಿಬಿ ಅಂತ ಕರೆಯುತ್ತಾರಲ್ಲ, ಅದೇ ಕೆಲಸ ಮಾಡುವ ಸಾಮಾನು. ಇಲ್ಲಿನ ವೈರಿಂಗ್ ನಿಯಮದ ಪುಸ್ತಕ, ಅಂದರೆ ಬಿಎಸ್ 7671, ಫ್ಲೋರ್ ಹೀಟಿಂಗ್‌ಗೆ 30 ಮಿಲಿಆಂಪ್ ಆರ್‌ಸಿಡಿ ಇರಲೇಬೇಕು ಅನ್ನುತ್ತದೆ. ಅಷ್ಟು ಸೋರಿದರೆ 300 ಮಿಲಿಸೆಕೆಂಡಿನೊಳಗೆ ಲೈನ್ ಕಟ್ ಆಗಬೇಕು. ಎಲೆಕ್ಟ್ರಿಷಿಯನ್ ಅದನ್ನೂ ಮೀಟರ್ ಹಾಕಿ ಬೀಳಿಸಿ ತೋರಿಸಿದ. ಅಪ್ಪ ಬಂದ ಮೇಲೆ ಕಾರ್ಡನ್ನು ಕನ್ನಡಕ ಹಾಕಿಕೊಂಡು ಓದಿ, ಬೋರ್ಡಿನ ಟೆಸ್ಟ್ ಗುಂಡಿಯನ್ನು ತಾವೇ ಒತ್ತಿ ನೋಡಿದರು. ಅಮ್ಮನಿಗೆ "ಹೋಗು, ಏನೂ ಆಗಲ್ಲ" ಅಂದದ್ದು ಆಮೇಲೆ.

ಥರ್ಮೋಸ್ಟಾಟ್ ಬಾತ್‌ರೂಮಿನ ಒಳಗಿಲ್ಲ, ಹೊರಗೆ ಬಾಗಿಲ ಪಕ್ಕದ ಗೋಡೆಯಲ್ಲಿದೆ. ತೊಟ್ಟಿ, ಶವರ್ ಸುತ್ತ ಇಷ್ಟು ದೂರದವರೆಗೆ ಇಂಥ ಸ್ವಿಚ್ ಇರಕೂಡದು ಅಂತ ನಿಯಮ ಇದೆ. ನಮ್ಮಂಥ ಸಣ್ಣ ಬಾತ್‌ರೂಮಿನಲ್ಲಿ ಅಷ್ಟು ದೂರ ಸಿಗುವುದೇ ಇಲ್ಲ, ಹೊರಗೆ ಇಡುವುದೇ ನೆಮ್ಮದಿ. ಅದರ ಪಕ್ಕದಲ್ಲೇ ಎರಡೂ ವೈರ್ ಕಟ್ ಮಾಡುವ ಸ್ವಿಚ್, ಒಳಗೆ 3 ಆಂಪ್ ಫ್ಯೂಸ್. ಕೇಬಲ್ ಎಳೆಯುವುದು 1.6 ಆಂಪ್ ಅಷ್ಟೇ.

ಟೈಲ್ಸ್ ಹಾಕಿ ಮುಗಿದ ಮೇಲೆ ಕನಿಷ್ಠ ಏಳು ದಿನ ಆನ್ ಮಾಡಬೇಡಿ. ಅಂಟು ತಾನಾಗಿ ಗಟ್ಟಿಯಾಗಬೇಕು. ಬೇಗ ಒಣಗಲಿ ಅಂತ ಹೀಟಿಂಗ್ ಹಾಕಿದರೆ ಅಂಟು ಬಿರುಕು ಬಿಡುತ್ತದೆ, ಟೈಲ್ಸ್ ಏಳುತ್ತದೆ. ಚಳಿಯಲ್ಲಿ ಕಾಯುವುದು ಕಷ್ಟವೇ, ಆದರೂ ಕಾಯಿರಿ.

ಈಗ ಖರ್ಚು. ಇಲ್ಲಿ 2025ರಲ್ಲಿ ಕರೆಂಟ್ ಯೂನಿಟ್ಟಿಗೆ ಸುಮಾರು 26 ಪೆನ್ಸ್ ಇತ್ತು. ಕೇಬಲ್ ಮೂರು ಗಂಟೆ ಬಿಡದೆ ಉರಿದರೂ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ಆ ದರದಲ್ಲಿ 30 ಪೆನ್ಸ್‌ಗೂ ಕಡಿಮೆ. ನೆಲ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ನಡುನಡುವೆ ಆಫ್ ಮಾಡುವುದರಿಂದ ಅಷ್ಟೂ ಆಗುವುದಿಲ್ಲ. ನಾವು ಬೆಳಿಗ್ಗೆ ಒಂದು ಹೊತ್ತು, ರಾತ್ರಿ ಒಂದು ಹೊತ್ತು ಅಂತ ಟೈಮರ್ ಇಟ್ಟಿದ್ದೇವೆ, ನೆಲ 27 ಡಿಗ್ರಿ. ಏಳುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಶುರುವಾಗುತ್ತದೆ. ನಮ್ಮ ಹಲಗೆ ನೆಲದ ಮೇಲೆ ಮೊದಲು ಇನ್ಸುಲೇಶನ್ ಬೋರ್ಡ್ ಹಾಕಿ ಆಮೇಲೆ ಹಾಸು ಅಂಟಿಸಿದ್ದಕ್ಕೆ ಇಷ್ಟು ಬೇಗ ಕಾಯುತ್ತದೆ. ಬೋರ್ಡ್ ಇಲ್ಲದಿದ್ದರೆ ಅರ್ಧ ಬಿಸಿ ಕೆಳಗಿನ ಕೋಣೆಯ ಮಾಡಿಗೆ ಹೋಗುತ್ತಿತ್ತು. ಕೊಟೇಶನ್ನಿನಲ್ಲಿ ಈ ಬೋರ್ಡನ್ನು ಬಿಟ್ಟು ರೇಟು ಇಳಿಸುವವರಿದ್ದಾರೆ, ಎಚ್ಚರ.

ಕೊರತೆಗಳನ್ನೂ ಹೇಳುತ್ತೇನೆ. ಇದೊಂದರಿಂದಲೇ ಕೋಣೆ ಬೆಚ್ಚಗಾಗುತ್ತದೆ ಅಂದುಕೊಂಡರೆ ನಿರಾಸೆಯಾಗುತ್ತದೆ. ಕಾಲು ಬೆಚ್ಚಗಿರುತ್ತದೆ, ಗಾಳಿ ಬೆಚ್ಚಗಾಗಲು ನಮಗೆ ಟವೆಲ್ ಒಣಗಿಸುವ ರೇಡಿಯೇಟರ್ ಬೇಕೇ ಬೇಕು. ಬೋರ್ಡು, ಹಾಸು, ಅಂಟು, ಟೈಲ್ಸ್ ಎಲ್ಲ ಸೇರಿ ನೆಲ ಎತ್ತರವಾಯಿತು. ಬಾಗಿಲ ಕೆಳಭಾಗ ಕೊಯ್ಯಿಸಬೇಕಾಯಿತು, ಹೊಸ್ತಿಲ ಹತ್ತಿರ ಒಂದು ಇಳಿಜಾರು ಪಟ್ಟಿ ಬಂತು. ಮಂಡಿ ನೋವಿರುವವರು ಮನೆಯಲ್ಲಿದ್ದರೆ ಆ ಪಟ್ಟಿಯನ್ನು ಎಡವದ ಹಾಗೆ ಮಾಡಿಸಿ. ಸಾಮಾನಿಗೆ ಕೊಟ್ಟಷ್ಟೇ ಹತ್ತಿರ ಹತ್ತಿರ ಎಲೆಕ್ಟ್ರಿಷಿಯನ್ನಿಗೂ ಹೋಯಿತು. ಆ ದುಡ್ಡಿನ ಬಗ್ಗೆ ನನಗೆ ಒಂದಿಷ್ಟೂ ಬೇಸರ ಇಲ್ಲ.

ಬಳಸುವಾಗ ಒಂದು ಅಭ್ಯಾಸ ಬಿಡಬೇಕಾಯಿತು. ಬಾತ್‌ರೂಮಿನಲ್ಲಿ ದಪ್ಪನೆಯ ಕಾಲೊರಸು ಹಾಸುವುದು ನಮ್ಮೆಲ್ಲರ ರೂಢಿ, ರಬ್ಬರ್ ತಳದ್ದು. ಅದು ದಿನಪೂರ್ತಿ ಒಂದೇ ಕಡೆ ಬಿದ್ದಿದ್ದರೆ ಕೆಳಗಿನ ಬಿಸಿ ಹೊರಬರಲಾಗದೆ ಆ ಜಾಗ ಮಾತ್ರ ಕಾಯುತ್ತಾ ಹೋಗುತ್ತದೆ. ಸೆನ್ಸರ್ ಬೇರೆ ಕಡೆ ಇರುವುದರಿಂದ ಅದಕ್ಕೆ ಗೊತ್ತಾಗುವುದಿಲ್ಲ. ಈಗ ತೆಳ್ಳನೆಯ ಹತ್ತಿ ಬಟ್ಟೆಯದು, ಸ್ನಾನ ಆದ ಮೇಲೆ ಎತ್ತಿ ನೇತು ಹಾಕುತ್ತೇವೆ. ನೆಲದ ಮೇಲೆ ಕೂರುವ ಬಟ್ಟೆ ಬುಟ್ಟಿಯ ಬದಲು ಕಾಲಿರುವ ಬುಟ್ಟಿ ತಂದೆವು.

ಟೈಲ್ಸ್ ಮುಚ್ಚುವ ಮೊದಲು ಟೇಪು ಹಿಡಿದು, ಅಳತೆ ಕಾಣುವ ಹಾಗೆ ನೆಲದ ಫೋಟೋ ತೆಗೆದಿಟ್ಟಿದ್ದೇನೆ. ಮುಂದೆ ಬಾಗಿಲಿಗೆ ಸ್ಟಾಪರ್ ಹಾಕಲು ಯಾರಾದರೂ ನೆಲಕ್ಕೆ ಡ್ರಿಲ್ ಹಿಡಿದರೆ ಆ ಫೋಟೋ ತೋರಿಸಬೇಕು. ಅಳತೆಯ ಕಾರ್ಡು ಫ್ಯೂಸ್ ಬೋರ್ಡಿನ ಪಕ್ಕದ ಕವರಿನಲ್ಲಿದೆ, ಜೊತೆಗೆ ಪಾರ್ಟ್ ಪಿ ಸರ್ಟಿಫಿಕೇಟು.

ಊರಲ್ಲಿ ಮಡಿಕೇರಿ ಕಡೆ ಮನೆ ಕಟ್ಟುತ್ತಿರುವ ನಮ್ಮ ನೆಂಟರೊಬ್ಬರು ಈ ಕೇಬಲ್ ತಂದುಕೊಡಿ ಅಂದರು. ಅಲ್ಲೂ 230 ವೋಲ್ಟೇ, ಕೇಬಲ್ ಕೆಲಸ ಮಾಡುತ್ತದೆ. ಮೊದಲು ಮನೆಯ ಅರ್ಥಿಂಗ್ ಅಳೆಸಿ, 30 ಮಿಲಿಆಂಪಿನ ಆರ್‌ಸಿಸಿಬಿ (ಮೇಲೆ ಹೇಳಿದ ಆರ್‌ಸಿಡಿಯೇ) ಹಾಕಿಸಿ, ಮೆಗ್ಗರ್ ಇರುವ ಎಲೆಕ್ಟ್ರಿಷಿಯನ್ ಗೊತ್ತು ಮಾಡಿಕೊಂಡು ಆಮೇಲೆ ಫೋನ್ ಮಾಡಿ ಅಂದಿದ್ದೇನೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ನಾನು ತರುವುದಿಲ್ಲ.

ಅಡುಗೆಮನೆಗೂ ಹಾಕಿಸೋಣ್ವಾ ಅಂತ ಮನೆಯಲ್ಲಿ ಈಗ ಕೇಳುತ್ತಿದ್ದಾರೆ. ಅಲ್ಲಿ ನೆಲದ ಮುಕ್ಕಾಲು ಭಾಗ ಕಪಾಟುಗಳ ಕೆಳಗಿದೆ, ಉಳಿದದ್ದಕ್ಕೆ ಗ್ಯಾಸಿನ ರೇಡಿಯೇಟರ್ ಇದೆ, ಗ್ಯಾಸ್ ಯೂನಿಟ್ಟಿಗೆ ಕರೆಂಟಿನ ಕಾಲು ಭಾಗದಷ್ಟೇ ದರ. ಅಡುಗೆಮನೆಗೆ ಬೇಡ. ಕೆಳಗಿನ ಸಣ್ಣ ಟಾಯ್ಲೆಟ್‌ಗೆ ಹಾಕಿಸುವುದಾದರೆ ಇದೇ ಹಾಸು, ಇದೇ ಎಲೆಕ್ಟ್ರಿಷಿಯನ್.